ಒರೆಸಿದಷ್ಟೂ ಹೊಳೆಯುವ ಮುಖ

ಹಾಸ್ಟೆಲ್, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ
ಬುಧವಾರ, ತಾರೀಕು ಹದಿನಾಲ್ಕು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಹಡಗಿನ ಇಂಜಿನ್ ರೂಮಿನ ಆ ಕಬ್ಬಿಣದ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ ಏನೋ. ಹೋದ ತಿಂಗಳು ಫೋನಿನಲ್ಲಿ ಕೇಳಿದಾಗ "ಹತ್ತೋದು ಕಷ್ಟ ಇಲ್ಲ ಗುಬ್ಬಿ, ಇಳಿಯೋವಾಗ ಮಂಡಿ ಬೈಯುತ್ತೆ" ಅಂದು ನಕ್ಕುಬಿಟ್ಟಿರಿ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಸಮುದ್ರದಲ್ಲಿ ತಲೆ ತಿರುಗಿದರೆ ಅದು ಬಿ.ಪಿ.ಯೋ ಅಲೆಯೋ ಅಂತ ಹೇಗೆ ಗೊತ್ತಾಗುತ್ತೆ ಅಂತ ನನಗೆ ಯಾವಾಗಲೂ ಹೆದರಿಕೆ. ಅಮ್ಮ ಚೆನ್ನಾಗಿದ್ದಾಳೆ. ಹೊಲಿಗೆ ಮಿಷನ್ನಿನ ಬೆಲ್ಟ್ ಹೊಸದು ಹಾಕಿಸಿಕೊಂಡಿದ್ದಾಳೆ. ಈಗ ಬರೆಯುವುದೊಂದನ್ನೂ ಅವಳಿಗೆ ಹೇಳಿಲ್ಲ. ಹೇಳಿದರೆ ಕತ್ತರಿ ಕೆಳಗಿಟ್ಟು ಮೊದಲ ಬಸ್ಸಿಗೇ ಇಲ್ಲಿಗೆ ಬಂದುಬಿಡುತ್ತಾಳೆ. ನನ್ನ ಕನ್ನಡದಲ್ಲಿ ತಪ್ಪು ಕಂಡರೆ ನಗಬೇಡಿ. ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲ್ ಸ್ಕೂಲಿನಲ್ಲಿ ಇಂಗ್ಲಿಷ್ ಓದಿದವಳು, ಮನಸ್ಸಿನಲ್ಲಿ ಅರ್ಧ ಇಂಗ್ಲಿಷ್ ಬರುತ್ತೆ. ಆದರೆ ಅಳು ಮಾತ್ರ ಪೂರ್ತಿ ಕನ್ನಡದಲ್ಲೇ ಬರುತ್ತೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಾಡಿದ್ದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ನನ್ನ ಪಾಠ ನೋಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ನನ್ನ ಮಗು ನನ್ನ ಮುಖ ನೋಡಿ ಒಂದಾದರೂ ಮಾತು ಹಿಡಿಯದಿದ್ದರೆ ಅವಳನ್ನು ನನ್ನಿಂದ ತೆಗೆದು ಬೇರೆ ಹುಡುಗಿಗೆ ಕೊಡುತ್ತಾರೆ. ಆಮೇಲೆ ನಾನು ಪ್ರಾಕ್ಟಿಕಲ್‌ನಲ್ಲಿ ಫೇಲ್, ಮುಂದಿನ ವರ್ಷ ಮತ್ತೆ ಅ ಆ ಇ ಈಯಿಂದ ಶುರು. "ನನ್ನ ಮಗು" ಅಂದರೆ ಗಾಬರಿಯಾಗಬೇಡಿ ಅಪ್ಪಾ, ನಮ್ಮಲ್ಲಿ ಹಾಗೇ ಅನ್ನುವುದು. ಮೊದಲ ವರ್ಷದವರಿಗೆಲ್ಲ ಕಿವಿ ಕೇಳದ ಒಂದೊಂದು ಮಗುವನ್ನು ಒಪ್ಪಿಸುತ್ತಾರೆ, ಆ ಮಗುವಿಗೆ ತುಟಿ ನೋಡಿ ಮಾತು ಹಿಡಿಯುವುದನ್ನು ನಾವು ಕಲಿಸಬೇಕು. ಈ ಕೋರ್ಸಿಗೆ ಸೇರುವಾಗ ನೀವೇ ಅಲ್ಲವೇ ಬಂದರಿನಿಂದ ಫೋನ್ ಮಾಡಿ "ಇಂಜಿನ್ ಸದ್ದಿಗೆ ನನ್ನ ಕಿವೀನೂ ಅರ್ಧ ಹೋಗಿದೆ, ಮೊದಲು ನನಗೇ ಕಲಿಸು" ಅಂದದ್ದು?

ನಮ್ಮ ಪಾಠದ ಕೋಣೆ ಹೇಗಿದೆ ಅಂತ ಹೇಳಿದರೆ ನನ್ನ ಕಷ್ಟ ನಿಮಗೆ ಅರ್ಥವಾಗುತ್ತೆ. ಹಡಗಿನಲ್ಲಿ ನಿಮ್ಮ ಕ್ಯಾಬಿನ್ ಎಷ್ಟಿದೆಯೋ ಅಷ್ಟೇ ಕೋಣೆ. ನಡುವೆ ಮಂಡಿ ಎತ್ತರದ ಒಂದು ಮೇಜು, ಎರಡು ಕಡೆ ಎರಡು ಪುಟ್ಟ ಸ್ಟೂಲು. ಒಂದು ಗೋಡೆಯಲ್ಲಿ ಕಪ್ಪು ಗಾಜು, ನಮಗೆ ಅದರಲ್ಲಿ ನಮ್ಮ ಮುಖವೇ ಕಾಣುತ್ತೆ, ಆಚೆ ಕೂತ ಮೇಡಂಗೆ ಮತ್ತು ಕ್ಲಾಸಿನವರಿಗೆ ನಾವು ಕಾಣುತ್ತೇವೆ. ಕಿಟಕಿ ಯಾವತ್ತೂ ಮಗುವಿನ ಬೆನ್ನ ಹಿಂದೆ ಇರಬೇಕು, ಕಲಿಸುವವಳ ಮುಖಕ್ಕೆ ಎದುರಾಗಿ. ಬೆಳಕೆಲ್ಲ ನಮ್ಮ ಮುಖದ ಮೇಲೆ ಬೀಳಬೇಕು. ಸಾಲದ್ದಕ್ಕೆ ನೆತ್ತಿಯ ಮೇಲೆ ಎರಡು ಟ್ಯೂಬ್‌ಲೈಟು. "ಬೇರೆ ಮೇಷ್ಟ್ರುಗಳಿಗೆ ಗೋಡೇಲಿ ಬೋರ್ಡು, ನಮಗೆ ಮುಖವೇ ಬೋರ್ಡು" ಅಂತ ಮೇಡಂ ಮೊದಲ ದಿನವೇ ಹೇಳಿದರು. ಎಲ್ಲರೂ ಬರೆದುಕೊಂಡರು. ನಾನು ಮಾತ್ರ ಪೆನ್ನು ಹಿಡಿದು ಹಾಗೇ ಕೂತೆ. ನನ್ನ ಬೋರ್ಡು ಎಂಥದ್ದು ಅಂತ ನನಗೆ ಗೊತ್ತಲ್ಲ.

ಅಪ್ಪಾ, ಇದು ನಿಮ್ಮದೇ ಮುಖ. ಹಣೆ, ಮೂಗು, ಗಲ್ಲ, ಎಲ್ಲ ನಿಮ್ಮ ಅಚ್ಚು. ಬೆಳಿಗ್ಗೆ ಏಳಕ್ಕೆ ತೊಳೆದರೆ ಎಂಟೂವರೆಗೆ ಮೂಗಿನ ತುದಿ ಮಿಂಚುತ್ತೆ, ಹತ್ತಕ್ಕೆ ಹಣೆ, ಹನ್ನೊಂದಕ್ಕೆ ಇಡೀ ಮುಖ ಈಗತಾನೇ ವಾರ್ನಿಷ್ ಹೊಡೆದ ಬಾಗಿಲು. ಸ್ಕೂಲಿನಲ್ಲಿ ನನ್ನ ಅಡ್ಡಹೆಸರು ಗಾಣ. "ಗಾಣ, ಸ್ವಲ್ಪ ಈ ಕಡೆ ಬಾರೇ, ಕರೆಂಟ್ ಹೋಗಿದೆ, ನಿನ್ನ ಬೆಳಕಲ್ಲಿ ಓದಿಕೊಳ್ತೀನಿ" ಅನ್ನುತ್ತಿದ್ದರು. ಆಗ ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ಜಾಸ್ತಿ ಅಂತಾರೆ ಅನ್ನುವುದು ಹಾಸ್ಟೆಲ್ ಮಕ್ಕಳಿಗೆಲ್ಲ ಗೊತ್ತು. ಇಲ್ಲಿ ಯಾರಿಗೂ ಆ ಹೆಸರು ಗೊತ್ತಿಲ್ಲ ಅಂತ ನೆಮ್ಮದಿಯಾಗಿದ್ದೆ. ಯಾರೂ ಹೇಳಬೇಕಾಗಿರಲಿಲ್ಲ, ಎದುರಿಗೇ ಕಪ್ಪು ಗಾಜು ಇತ್ತು. ಅದರಲ್ಲಿ ನನ್ನ ಕಣ್ಣು ಬಾಯಿ ಮಬ್ಬುಮಬ್ಬು, ಹಣೆಯೊಂದೇ ಸ್ಪಷ್ಟ.

ನನಗೆ ಒಪ್ಪಿಸಿದ ಮಗುವಿಗೆ ಆರು ವರ್ಷ. ಎಲ್ಲರೂ ಅವಳನ್ನು ಹೆಡ್‌ಮಿಸ್ ಅನ್ನುತ್ತಾರೆ. ಯಾಕೆಂದರೆ ಕಾರಿಡಾರಿನಲ್ಲಿ ಯಾರ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೂ ಆ ಚಪ್ಪಲಿಯವರನ್ನು ಹುಡುಕಿ, ಕೈ ಹಿಡಿದು ಎಳೆದು ತಂದು, ಬೆರಳು ತೋರಿಸಿ, ಸರಿಯಾಗಿ ಜೋಡಿಸುವ ತನಕ ಬಿಡುವುದಿಲ್ಲ. ಎರಡು ಕಿವಿಗೂ ಮಿಷನ್ನು. ದಿನಾ ಅವಳ ಅಜ್ಜಿ ಕರೆದುಕೊಂಡು ಬಂದು ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ. ಮೊದಲ ದಿನ ನಾನು ಸ್ಟೂಲಿನ ಮೇಲೆ ಕೂತು ನಕ್ಕೆ. ಹೆಡ್‌ಮಿಸ್ ನನ್ನನ್ನು ಒಂದು ಕ್ಷಣ ನೋಡಿದಳು. ಮೇಜಿನ ಮೇಲೆ ಬಾಗಿದಳು. ತೋರುಬೆರಳಿನಿಂದ ನನ್ನ ಕೆನ್ನೆ ಮುಟ್ಟಿದಳು. ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಆಮೇಲೆ ಅದನ್ನು ಫ್ರಾಕಿಗೆ ಒರೆಸಿಕೊಂಡಳು.

ಗಾಜಿನ ಆಚೆ ಯಾರೋ ನಕ್ಕರು. ಕೇಳಿಸಲಿಲ್ಲ, ಆದರೆ ನಕ್ಕರು ಅಂತ ನನಗೆ ಗೊತ್ತು.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ದಿನಕ್ಕೆ ಎರಡು ಸಲ ಮುಖ ತೊಳೆಯುತ್ತಿದ್ದವಳು ಐದು ಸಲ ತೊಳೆದೆ, ಆಮೇಲೆ ಎಂಟು. ಹೋದ ವಾರಕ್ಕೆ ಹನ್ನೊಂದು. ಬಟ್ಟೆ ಸೋಪು ಒಂದನ್ನು ಬಿಟ್ಟು ಎಲ್ಲ ಸೋಪೂ ಆಯಿತು. ಪಾಠಕ್ಕೆ ಹತ್ತು ನಿಮಿಷ ಮುಂಚೆ ಬಾತ್‌ರೂಮಿಗೆ ಓಡಿ ಚರ್ಮ ಕಿರ್ ಕಿರ್ ಅನ್ನುವ ತನಕ ತಿಕ್ಕುವುದು, ಓಡಿ ಬಂದು ಕೂರುವುದು, ಮೊದಲ ಮಾತು ಮುಗಿಯುವುದರೊಳಗೆ ಮೂಗಿನ ಪಕ್ಕ ಬೆಚ್ಚಗೆ ಏನೋ ಹರಡಿದ ಹಾಗೆ ಆಗುವುದು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುತ್ತೀರಲ್ಲ, ನನ್ನ ಪಿಶಾಚಿ ಗವಾಕ್ಷಿ ಹುಡುಕುವುದೇ ಇಲ್ಲ, ಮುಂಬಾಗಿಲಿನಿಂದಲೇ ಬರುತ್ತೆ. ರೂಮಿನಲ್ಲಿ ನನ್ನ ಜೊತೆ ಇರುವ ಸೀನಿಯರ್ ಒಬ್ಬಳಿದ್ದಾಳೆ, ಬಹಳ ಎತ್ತರ, ಅವಳನ್ನು ಉದ್ದಕ್ಕ ಅನ್ನುತ್ತೇವೆ. ಅವಳು ಹೇಳಿದಳು ಅಂತ ನಿಂಬೆರಸ ಹಚ್ಚಿದೆ. ಕೆನ್ನೆ ಎರಡು ದಿನ ಮೆಣಸಿನಕಾಯಿ ಥರ ಉರಿಯಿತು, ಆ ಉರಿಯುವ ಕೆನ್ನೆಯ ಮೇಲೂ ಎಣ್ಣೆ! ಆಮೇಲೆ ಪೌಡರ್. ಹತ್ತು ಗಂಟೆಗೆ ಹಚ್ಚಿದ ಪೌಡರ್ ಹತ್ತೂಕಾಲಿಗೆ ಎಣ್ಣೆ ಕುಡಿದು ಪದರ ಪದರವಾಗಿ ನಿಂತಿತು. ಗಾಜಿನಲ್ಲಿ ನೋಡಿಕೊಂಡರೆ ಸುಣ್ಣ ಬಿಟ್ಟ ಗೋಡೆ. "ಏನೇ ಇದು, ಹಿಟ್ಟಿನ ಡಬ್ಬಕ್ಕೆ ಬಿದ್ದ ಹಲ್ಲಿ ಥರ ಇದ್ದೀಯ" ಅಂದಳು ಉದ್ದಕ್ಕ. ಪ್ರೀತಿಯಿಂದಲೇ ಅಂದಳು, ಆದರೆ ಅವತ್ತು ನಾನು ಊಟಕ್ಕೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಮೂರು ವಾರದಿಂದ ಮಧ್ಯಾಹ್ನದ ಊಟವನ್ನೇ ಸರಿಯಾಗಿ ಮಾಡಿಲ್ಲ. ಒಗ್ಗರಣೆ ಹಾಕಿದ್ದು ಏನನ್ನು ಕಂಡರೂ ಅದು ನೇರವಾಗಿ ಹಣೆಗೆ ಹೋಗುತ್ತೆ ಅನ್ನಿಸುತ್ತೆ. ಮುಖಕ್ಕೆ ಹಚ್ಚುವ ಕ್ರೀಮು ಅಂತೂ ಕಸದ ಬುಟ್ಟಿಗೆ ಹಾಕಿಯಾಯಿತು. ಎಣ್ಣೆಮುಖಕ್ಕೆ ಮತ್ತೆ ಕ್ರೀಮು ಬೇರೆ ಕೇಡು ಅಂತ.

ಕೊನೆಗೆ ಉಳಿದದ್ದು ಕರ್ಚೀಫು. ಅಮ್ಮ ಹೊಲಿದುಕೊಟ್ಟ ಬಿಳಿ ಕರ್ಚೀಫುಗಳನ್ನು ಒಂದು ಎಡಗೈಯಲ್ಲಿ, ಒಂದು ತೊಡೆಯ ಮೇಲೆ, ಒಂದು ಬ್ಯಾಗಿನಲ್ಲಿ ಇಟ್ಟುಕೊಂಡು ಪಾಠಕ್ಕೆ ಕೂರುತ್ತಿದ್ದೆ. ಹೊಳಪು ಬಂತು ಅನ್ನಿಸಿದ ತಕ್ಷಣ ಒತ್ತಿ ಒರೆಸಿಬಿಡುವುದು. ಇದರಿಂದ ಸ್ವಲ್ಪ ಧೈರ್ಯ ಬಂತು. ಆದರೆ ಹೆಡ್‌ಮಿಸ್ ನನ್ನನ್ನು ನೋಡುವುದನ್ನೇ ಬಿಟ್ಟಳು. ನಮ್ಮ ಪಾಠಕ್ಕೆ ಐದು ಆಟಿಕೆ: ಬೊಂಬೆ, ಹೂವು, ಮೀನು, ಬಸ್ಸು, ಮನೆ. ಮೊದಲು ನಾನು ಆಟಿಕೆ ಎತ್ತಿ ತೋರಿಸಿ ಅದರ ಹೆಸರು ಹೇಳಬೇಕು, ಆಮೇಲೆ ಅದನ್ನು ಕೆಳಗಿಟ್ಟು ಬರೀ ಮಾತು ಹೇಳಿದಾಗ ಅವಳು ನನ್ನ ತುಟಿ ನೋಡಿ ಆ ಆಟಿಕೆ ಎತ್ತಿಕೊಡಬೇಕು, ಆಮೇಲೆ ತಾನೂ ಬಾಯಿ ಆಡಿಸಿ ಹೇಳಲು ನೋಡಬೇಕು. ನಾನು "ಬೊಂಬೆ" ಅಂತ ಶುರುಮಾಡಿದರೆ ಅವಳು ತಲೆ ಎತ್ತುತ್ತಿದ್ದಳು, ಅರೆಕ್ಷಣ ನೋಡುತ್ತಿದ್ದಳು, ತಲೆ ತಗ್ಗಿಸಿ ಮೇಜಿನ ಅಂಚು ಕೆರೆಯುತ್ತಿದ್ದಳು. ಬೇರೆ ಹುಡುಗಿಯರ ಮುಖವನ್ನು, ಕಾರಿಡಾರ್ ಗುಡಿಸುವವರ ಮುಖವನ್ನು, ಕಣ್ಣು ಮಿಟುಕಿಸದೆ ನೋಡುವ ಮಗು ನನ್ನ ಮುಖವನ್ನು ಮಾತ್ರ ನೋಡುವುದಿಲ್ಲ ಅಂದರೆ ಅದರ ಅರ್ಥ ಏನು ಅಪ್ಪಾ? ಹೋದ ವಾರ ಇನ್ನೂ ಕೆಟ್ಟದಾಯಿತು. ನಾನು ಬೊಂಬೆ ಅಂದ ತಕ್ಷಣ ಅವಳು ಅಂಗೈಯನ್ನು ಮುಖಕ್ಕೆ ತಂದು, ಹಣೆ, ಮೂಗು, ತುಟಿ ಅಂತ ಒರೆಸಿಕೊಂಡು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಒಂದು ಸಲ ಅಲ್ಲ, ನಾಲ್ಕು ಸಲ. ಆರು ವರ್ಷದ ಮಗು ನನ್ನನ್ನು ಅಣಕಿಸುತ್ತಿದೆ! ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತ ಮೇಲೆ ಹೇಗೂ ನೀರಿದೆಯಲ್ಲ ಅಂತ ಇನ್ನೊಂದು ಸಲ ಮುಖ ತೊಳೆದೆ.

ಅವತ್ತೇ ಮೇಡಂ ಕರೆದರು. ಅವರು ಬೈಯುವವರಲ್ಲ, ಅದೇ ಕಷ್ಟ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಮಗು ನಿನ್ನ ಮುಖ ನೋಡ್ತಾ ಇಲ್ಲ, ಗೊತ್ತಾ?" ಅಂದರು. ಗೊತ್ತು ಅಂದೆ. "ಯಾಕೆ ಅಂತ ಗೊತ್ತಾ?" ಗೊತ್ತು ಮೇಡಂ ಅಂದೆ. "ಹಾಗಾದ್ರೆ ಸರಿ ಮಾಡ್ಕೋ. ಈ ವಯಸ್ಸಲ್ಲಿ ಆ ಮಗೂಗೆ ಒಂದೊಂದು ತಿಂಗಳೂ ಒಂದೊಂದು ವರ್ಷ ಇದ್ದ ಹಾಗೆ. ನಿನ್ನ ಕಲಿಕೆಗೋಸ್ಕರ ಅವಳ ಕಾಲ ಹಾಳು ಮಾಡೋಕಾಗಲ್ಲ ನಾನು" ಅಂದು ಈ ಶುಕ್ರವಾರದ ಗಡುವು ಕೊಟ್ಟರು. ನನಗೆ ಗೊತ್ತು ಅಂತ ಎಷ್ಟು ಧೈರ್ಯವಾಗಿ ಹೇಳಿದೆ ನೋಡಿ. ಏನೂ ಗೊತ್ತಿರಲಿಲ್ಲ.

ಸೋಮವಾರ ಕಾಲೇಜಿನ ದವಾಖಾನೆಗೆ ಹೋದೆ. ಅಲ್ಲಿ ಒಬ್ಬರು ವಯಸ್ಸಾದ ಡಾಕ್ಟರಮ್ಮ ಇದ್ದಾರೆ. ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ ನೋಡಿದರು. ದಿನಕ್ಕೆ ಎಷ್ಟು ಸಲ ತೊಳೀತೀಯ ಅಂದರು. ಹನ್ನೊಂದು ಅಂದೆ. "ಅಯ್ಯೋ ತಾಯಿ, ನಮ್ಮನೇಲಿ ಪಾತ್ರೇನೂ ಅಷ್ಟು ಸಲ ತೊಳೆಯಲ್ಲ!" ಅಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದರು. ಚರ್ಮಕ್ಕೆ ಬೇಕಾದ ಎಣ್ಣೆಯನ್ನೆಲ್ಲ ನಾನು ತಿಕ್ಕಿ ತೆಗೆಯುತ್ತಿದ್ದೇನಂತೆ, ಅದು ಗಾಬರಿ ಬಿದ್ದು ಇನ್ನಷ್ಟು ಸುರಿಸುತ್ತಿದೆಯಂತೆ. ಮೂಗಿನ ಪಕ್ಕ ಸಿಪ್ಪೆ ಏಳುತ್ತಿರುವುದನ್ನು ಕನ್ನಡಿ ಹಿಡಿದು ತೋರಿಸಿದರು. ಒಣಗಿದ ಜಾಗ, ಅದರ ಮೇಲೆ ಜಿಡ್ಡು, ಎರಡೂ ಒಟ್ಟಿಗೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೆತ್ತಗಿನ ಫೇಸ್‌ವಾಶಿನಲ್ಲಿ ತೊಳೆದರೆ ಸಾಕು, ತಿಕ್ಕಬಾರದು. ತೊಳೆದ ಮೇಲೆ ಜೆಲ್ ಥರದ ತೆಳು ಕ್ರೀಮು ಹಚ್ಚಲೇಬೇಕು, ಬಿಡಬಾರದು. ಮಧ್ಯಾಹ್ನ ಹೊಳಪು ಬಂದರೆ ಎಣ್ಣೆ ಹೀರುವ ತೆಳು ಕಾಗದ ಸಿಗುತ್ತೆ, ಅದನ್ನು ಮೆಲ್ಲಗೆ ಒತ್ತಿ ತೆಗೆಯಬೇಕು, ಎಳೆದು ಉಜ್ಜಬಾರದು. ಪದೇ ಪದೇ ಕೈ ಮುಖಕ್ಕೆ ಹೋಗಬಾರದು. ಊಟ ಬಿಡಬಾರದು. "ನಿಂಬೆಹಣ್ಣನ್ನ ಪಾನಕಕ್ಕೆ ಹಾಕು, ಮುಖಕ್ಕಲ್ಲ" ಅಂದರು. ಎಷ್ಟು ದಿನಕ್ಕೆ ಸರಿಹೋಗುತ್ತೆ ಡಾಕ್ಟರ್ ಅಂದೆ. "ಮೂರು ನಾಲ್ಕು ವಾರ ತಾಳ್ಮೆ ಬೇಕು. ಆಮೇಲೂ ಪೂರ್ತಿ ಹೋಗಲ್ಲಮ್ಮ, ನಿನ್ನ ಚರ್ಮದ ಸ್ವಭಾವವೇ ಅದು. ಹತೋಟೀಲಿ ಇರುತ್ತೆ ಅಷ್ಟೇ."

ನನಗಿದ್ದದ್ದು ನಾಲ್ಕು ದಿನ! ನಾಲ್ಕು ವಾರದ ಔಷಧಿ ಕೈಯಲ್ಲಿ ಹಿಡಿದುಕೊಂಡು ದವಾಖಾನೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಅವರು ಹೇಳಿದ್ದರಲ್ಲಿ ತೊಳೆಯುವುದನ್ನು ಕಡಿಮೆ ಮಾಡಿದೆ, ಅದೊಂದು ಮಾಡಿದೆ. ಆದರೆ ತೊಳೆಯುವುದು ಕಡಿಮೆಯಾಯಿತಲ್ಲ ಅನ್ನುವ ಹೆದರಿಕೆಗೆ ಮಂಗಳವಾರದ ಪಾಠದಲ್ಲಿ ಕರ್ಚೀಫು ಎರಡರಷ್ಟಾಯಿತು.

ಇವತ್ತು ಬೆಳಿಗ್ಗೆ ಏನಾಯಿತು ಅಂತ ಹೇಳುತ್ತೇನೆ. ಇದನ್ನು ಹೇಳುವುದಕ್ಕೇ ಇಷ್ಟು ಬರೆದದ್ದು. ನಮ್ಮ ಪಾಠಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದಿಡುತ್ತಾರೆ, ತಿಂಗಳಿಗೊಮ್ಮೆ ನಾವು ನಮ್ಮ ಪಾಠವನ್ನೇ ಸದ್ದು ಪೂರ್ತಿ ನಿಲ್ಲಿಸಿ ನೋಡಬೇಕು. ಮಗುವಿಗೆ ನಾವು ಹೇಗೆ ಕಾಣುತ್ತೇವೆ ಅಂತ ತಿಳಿಯಲಿ ಅಂತ ಈ ಪದ್ಧತಿ. ನಾನು ಎರಡು ಸಲ ತಲೆನೋವು ಅಂತ ತಪ್ಪಿಸಿಕೊಂಡಿದ್ದೆ. ನನ್ನ ಹೊಳೆಯುವ ಮುಖವನ್ನು ಇಷ್ಟು ದೊಡ್ಡ ಪರದೆಯ ಮೇಲೆ ಯಾರು ನೋಡುತ್ತಾರೆ? ಇವತ್ತು ಮೇಡಂ ಬಿಡಲಿಲ್ಲ. ಪರದೆಯ ಮುಂದೆ ಕೂರಿಸಿ, ತಾವು ಬಾಗಿಲ ಹತ್ತಿರ ನಿಂತರು.

ಮುಖ ಹೊಳೆಯುತ್ತಿತ್ತು ಅಪ್ಪಾ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ನಿಮಿಷ ಆದ ಮೇಲೆ ನಾನು ಹೊಳಪು ನೋಡುವುದನ್ನೇ ಮರೆತೆ. ಯಾಕೆಂದರೆ ಅಲ್ಲಿ ನನಗೆ ಬಾಯಿಯೇ ಇರಲಿಲ್ಲ. ಆಟಿಕೆ ಎತ್ತುತ್ತೇನೆ, ಹೆಡ್‌ಮಿಸ್ ತಲೆ ಎತ್ತಿ ನನ್ನ ತುಟಿ ಹುಡುಕುತ್ತಾಳೆ, ಸರಿಯಾಗಿ ಅದೇ ಕ್ಷಣಕ್ಕೆ ಬಿಳಿ ಕರ್ಚೀಫು ಬಂದು ಮೂಗು, ಬಾಯಿ, ಗಲ್ಲ ಎಲ್ಲವನ್ನೂ ಮುಚ್ಚುತ್ತೆ. ಮಾತೆಲ್ಲ ಕರ್ಚೀಫಿನ ಹಿಂದೆ. ಕರ್ಚೀಫು ಇಳಿದಾಗ ನನ್ನ ಬಾಯಿ ಮುಚ್ಚಿರುತ್ತೆ, ಮಾತು ಮುಗಿದಿರುತ್ತೆ. ಇನ್ನೊಂದು ಆಟಿಕೆ, ಇನ್ನೊಂದು ಸಲ ತಲೆ ಎತ್ತುತ್ತಾಳೆ, ಮತ್ತೆ ಕರ್ಚೀಫು. ಆ ಮಗು ಹತ್ತು ಹನ್ನೆರಡು ಸಲ ಪ್ರಯತ್ನ ಮಾಡಿದಳು ಅಪ್ಪಾ. ಪ್ರತಿ ಸಲವೂ ನಾನು ಅಂಗಡಿಯ ಶಟರ್ ಎಳೆದ ಹಾಗೆ ಎಳೆದೆ. ಆಮೇಲೆ ಅವಳು ಮೇಜು ಕೆರೆಯುತ್ತಾ ಕೂತಳು. ಇನ್ನೇನು ಮಾಡುತ್ತಾಳೆ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ಗಾದೆ. ನಾನು ಎಣ್ಣೆ ಬಂದಾಗ ಬಾಯಿ ಮುಚ್ಚಿಕೊಂಡೆ, ಅದೂ ತುಟಿ ನೋಡಿ ಮಾತು ಕಲಿಯುವ ಮಗುವಿನ ಎದುರು. ಜಗತ್ತಿನಲ್ಲಿ ಬೇರೆ ಯಾವ ಕೆಲಸದಲ್ಲಿ ಈ ತಪ್ಪು ಮಾಡಿದ್ದರೂ ನಡೆಯುತ್ತಿತ್ತು.

"ನಿನಗೆ ಮುಂಚೇನೇ ಹೇಳಬಹುದಿತ್ತು. ನೀನು ಗೊತ್ತು ಅಂದೆ" ಅಂದರು ಮೇಡಂ. ಅಷ್ಟೇ ಅಂದು ಹೋದರು.

ಇಷ್ಟಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಹೊರಗೆ ಬಂದರೆ ಬೆಂಚಿನ ಮೇಲೆ ಹೆಡ್‌ಮಿಸ್‌ಳ ಅಜ್ಜಿ. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿ, "ಕೂತ್ಕೋ ಮಗಾ, ಒಂದು ಮಾತು ಕೇಳ್ಬೇಕಿತ್ತು. ಇಲ್ಲಿ ಕೈಸನ್ನೇನೂ ಹೇಳಿಕೊಡ್ತೀರಾ?" ಅಂದರು. ಇಲ್ಲ ಅಜ್ಜಿ, ಕೈಸನ್ನೆ ಕಲಿಸುವವರು ಬೇರೆ, ನನ್ನ ಪಾಠ ಬರೀ ಮಾತಿನದು ಅಂದೆ. "ಅಲ್ಲ, ಮನೇಲಿ ಇವಳಿಗೆ ಬೊಂಬೆ ಬೇಕು ಅಂದ್ರೆ ನಮ್ಮ ಹತ್ರ ಬಂದು ಹಿಂಗೆ ಮುಖ ಒರೆಸ್ಕೊಂತಾಳೆ. ಬೊಂಬೆ ಕೊಟ್ಟರೆ ಸುಮ್ಮನಾಗ್ತಾಳೆ. ಬೇರೆ ಏನು ಕೊಟ್ಟರೂ ಎಸೀತಾಳೆ. ನಾವೆಲ್ಲ ಈಗ ಕಲ್ತುಬಿಟ್ಟಿದ್ದೀವಿ ನೋಡು, ಅವರ ತಾತಾನೂ ಬೊಂಬೆ ಎಲ್ಲಮ್ಮಾ ಅನ್ನೋಕೆ ಮುಖ ಒರೆಸ್ಕೊಂತಾರೆ!" ಅಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಎಷ್ಟು ಹೆಮ್ಮೆಯಿಂದ ನಕ್ಕರು ಅಪ್ಪಾ. ಮೊಮ್ಮಗಳು ಒಂದು ಮಾತು ಕಲಿತಳು ಅಂತ.

ಅವಳು ನನ್ನನ್ನು ಅಣಕಿಸುತ್ತಿರಲಿಲ್ಲ. ಉತ್ತರ ಹೇಳುತ್ತಿದ್ದಳು. ಪ್ರತಿ ಪಾಠವೂ ಬೊಂಬೆಯಿಂದಲೇ ಶುರು, ನಾನು ಬೊಂಬೆ ಎತ್ತಿ ಹಿಡಿದಾಗಲೆಲ್ಲ ಏನು ಮಾಡುತ್ತಿದ್ದೆನೋ ಅದನ್ನೇ ಕಲಿತು, ಅಚ್ಚುಕಟ್ಟಾಗಿ ಮಾಡಿ ತೋರಿಸಿ, ಸರಿ ತಾನೇ ಅಂತ ಹುಬ್ಬು ಹಾರಿಸಿ ಕೇಳುತ್ತಿದ್ದಳು. ನಾನು ಅದಕ್ಕೆ ಎದ್ದು ಹೋಗಿ ಬಾತ್‌ರೂಮಿನಲ್ಲಿ ಅತ್ತೆ. ಅವಳು ಇಡೀ ಮನೆಗೆ ನನ್ನ ನಾಚಿಕೆಯನ್ನು ಭಾಷೆ ಅಂತ ಕಲಿಸಿದ್ದಾಳೆ. ಅಜ್ಜಿಗೆ ತಲೆ ಆಡಿಸಿ ಎದ್ದು ಬಂದೆ, ಬರುತ್ತಾ ನನ್ನ ಕೈ ತಾನಾಗಿ ಎದ್ದು ಹಣೆ ಒರೆಸಿತು.

ಅದೇ ಈಗ ನನ್ನ ಹೆದರಿಕೆ. ತಪ್ಪು ಏನು ಅಂತ ಗೊತ್ತಾಯಿತಲ್ಲ, ಬಿಟ್ಟರೆ ಮುಗಿಯಿತು ಅನ್ನುತ್ತೀರಿ. ಬಿಡಲು ಆಗುತ್ತಿಲ್ಲ ಅಪ್ಪಾ. ಮೆಸ್ಸಿನಿಂದ ಬಂದು ಉದ್ದಕ್ಕನ ಎದುರು ಕೂತು ಅಭ್ಯಾಸ ಮಾಡಿದೆ. "ಐದು ನಿಮಿಷ ಕೈ ಎತ್ತಬೇಡ, ನಾನು ಗಡಿಯಾರ ನೋಡ್ತೀನಿ" ಅಂದಳು. ಐದು ನಿಮಿಷದಲ್ಲಿ ಒಂಬತ್ತು ಸಲ ಕೈ ಹೋಯಿತು. ಹೋಗುವುದು ನನಗೆ ಗೊತ್ತೇ ಆಗುವುದಿಲ್ಲ, ಮೂಗಿನ ಮೇಲೆ ಬಟ್ಟೆ ತಾಕಿದ ಮೇಲೆ ಗೊತ್ತಾಗುತ್ತೆ. ನೀವೂ ಬಂದರಿಗೆ ಬಂದಾಗ ಫೋನಿನಲ್ಲಿ ಮುಖ ತೋರಿಸುವಾಗ ಆ ಮಸಿಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇರುತ್ತೀರಿ, ನಿಮ್ಮ ಅರ್ಧ ಮಾತು ಬಟ್ಟೆಗೇ ಹೋಗುತ್ತೆ. ನಿಮ್ಮ ಇಂಜಿನ್ ಅದಕ್ಕೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನದು ಹಾಗಲ್ಲ. ಶುಕ್ರವಾರ ಒರೆಸಿದರೆ ಆ ಮಗುವಿಗೆ ಮತ್ತೊಮ್ಮೆ ಅದೇ ತಪ್ಪು ಮಾತು ಕಲಿಸಿದ ಹಾಗೆ. ಒರೆಸದಿದ್ದರೆ ಎರಡು ಟ್ಯೂಬ್‌ಲೈಟಿನ ಕೆಳಗೆ, ಗಾಜಿನ ಆಚೆ ಹದಿನೆಂಟು ಜನರ ಎದುರು, ಇಪ್ಪತ್ತು ನಿಮಿಷ ಈ ಮುಖವನ್ನು ಹಾಗೇ ಹಿಡಿದು ಕೂರಬೇಕು. ನನ್ನಿಂದ ಆಗುವುದಿಲ್ಲ. ಇದು ನಾಟಕವಲ್ಲ, ನಿಜವಾಗಿ ಆಗುವುದಿಲ್ಲ.

ಅದಕ್ಕೇ ಬರೆಯುತ್ತಿರುವುದು. ಕೋರ್ಸು ಬಿಡಬೇಕಾದರೆ ತಂದೆಯ ಕೈಬರಹದಲ್ಲಿ ಒಂದು ಪತ್ರ ಬೇಕಂತೆ, ಆಫೀಸಿನಲ್ಲಿ ಕೇಳಿಕೊಂಡು ಬಂದೆ. ದೊಡ್ಡದೇನೂ ಬೇಡ. "ನನ್ನ ಮಗಳನ್ನು ಮನೆಗೆ ಕಳಿಸಿಕೊಡಿ" ಅಂತ ಒಂದು ಸಾಲು, ಕೆಳಗೆ ನಿಮ್ಮ ಸಹಿ. ಮುಂದಿನ ಬಂದರಿನಿಂದ ಕಳಿಸಿದರೆ ಸಾಕು. ಅಮ್ಮನ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕಿಕೊಂಡು ಇರುತ್ತೇನೆ. ಗೋಡೆ ಕಡೆ ತಿರುಗಿ ಕೂತರೆ ಮುಖ ಯಾರಿಗೂ ಬೇಕಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನೀವು ಮನಸ್ಸಿನಲ್ಲಿ ಅಂದುಕೊಂಡರೆ ಅಂದುಕೊಳ್ಳಿ. ಆದರೆ ನಿಮ್ಮ ಹತ್ತಿರ ಇಷ್ಟು ದಿನ ನಾನು ಏನನ್ನೂ ಕೇಳಿದವಳಲ್ಲ, ಇದೊಂದು ಕೇಳುತ್ತಿದ್ದೇನೆ. ಕೊಡಿ.

ಏಣಿ ಇಳಿಯುವಾಗ ಎರಡೂ ಕೈ ಹಿಡಿದು ಇಳಿಯಿರಿ. ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಸಾಲದಿದ್ದರೆ ನನ್ನ ಹಣೆಯಿಂದ ಒಂದು ಬಾಟಲಿ ಕಳಿಸುತ್ತೇನೆ. ನಿಮ್ಮ ಜೊತೆಯ ಅಡುಗೆಯವರಿಗೆ, ಫೋನಿನಲ್ಲಿ ನನ್ನ ಜೊತೆ ಹಾಡು ಹೇಳಿದ ಆ ಗಡ್ಡದ ಮಾಮನಿಗೆ ನನ್ನ ನಮಸ್ಕಾರ ತಿಳಿಸಿ. ದೂರದಿಂದಲೇ ನನ್ನ ತಲೆಯ ಮೇಲೆ ಕೈ ಇಡಿ, ಅಷ್ಟು ಸಾಕು.

ನಿಮ್ಮ
ಗುಬ್ಬಿ

ತಾ.ಕ. ಶುಕ್ರವಾರ, ಹನ್ನೊಂದು ಗಂಟೆ. ಬಸ್ ಸ್ಟಾಪಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಹನ್ನೆರಡಕ್ಕೆ ನಿಮ್ಮ ಕಂಪನಿಯ ಆಫೀಸಿನಲ್ಲಿ ಟಪಾಲು ಚೀಲ ಕಟ್ಟುತ್ತಾರೆ, ಇದು ತಪ್ಪಿದರೆ ಮುಂದಿನ ಚೀಲ ಒಂದೂವರೆ ತಿಂಗಳಿಗೆ, ಹಾಗಾಗಿ ಮೇಲಿನದನ್ನು ಹರಿದು ಬೇರೆ ಬರೆಯಲು ಸಮಯವಿಲ್ಲ. ಪಾಠ ಆಯಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಐದನೇ ನಿಮಿಷಕ್ಕೆ ಎಣ್ಣೆ ಮೂಗಿನ ಪಕ್ಕದಿಂದ ಇಳಿಯುವುದು ಗೊತ್ತಾಗುತ್ತಿತ್ತು, ಗಾಜಿನಲ್ಲಿ ಬರೀ ಹಣೆ. ನಾನು ಬೊಂಬೆ ಅಂದೆ. ಹೆಡ್‌ಮಿಸ್ ಮುಖ ಒರೆಸಿಕೊಂಡಳು. ನಾನು ಅಲ್ಲ ಅಂತ ತಲೆ ಆಡಿಸಿದೆ. ಅವಳಿಗೆ ಸಿಟ್ಟು ಬಂತು. ಸ್ಟೂಲಿನಿಂದ ಇಳಿದು, ಮೇಜು ಸುತ್ತಿ ಬಂದು, ನನ್ನ ಬಲಗೈಯನ್ನು ತೊಡೆಯ ಕೆಳಗಿಂದ ಎಳೆದು, ನನ್ನ ಮುಖಕ್ಕೆ ತಂದು ಒರೆಸಿದಳು. ಮರೆತುಹೋಯ್ತಾ ನಿನಗೆ, ಹೀಗಲ್ಲವಾ ಅಂತ, ಚಪ್ಪಲಿ ಸರಿಮಾಡಿಸುವ ಹಾಗೆ! ನನಗೆ ನಗು ತಡೆಯಲಾಗಲಿಲ್ಲ ಅಪ್ಪಾ, ಬಾಯಿ ಬಿಟ್ಟು ನಕ್ಕೆ. ಅವಳು ಅಲ್ಲೇ, ಒಂದು ಗೇಣು ದೂರದಲ್ಲಿ ನಿಂತು, ನನ್ನ ಬಾಯಿಯನ್ನು ಮೊದಲ ಸಲ ಕಂಡವಳ ಹಾಗೆ ನೋಡಿದಳು. ಆ ಬಾಯಲ್ಲೇ ಮತ್ತೆ ಬೊಂಬೆ ಅಂದೆ. ಆಮೇಲೆ ಹದಿನಾಲ್ಕು ನಿಮಿಷ ಅವಳು ಬೇರೆ ಕಡೆ ನೋಡಲಿಲ್ಲ. ಒಂದು ಮಾತೂ ಹಿಡಿಯಲಿಲ್ಲ. ಬೊಂಬೆ ಅಂದರೆ ಮೀನು ಎತ್ತಿಕೊಟ್ಟಳು, ಮನೆ ಅಂದರೆ ಬಸ್ಸು. ಮೇಡಂ ಐದಕ್ಕೆ ಸೊನ್ನೆ ಹಾಕಿದರು. "ನೋಡ್ತಾ ಇದ್ದಾಳೆ, ಆದ್ರೆ ನೀನು ಕಲಿಸಿದ್ದನ್ನ ನೀನೇ ಮರೆಸಬೇಕು, ಅದಕ್ಕೆ ಬೇರೆ ಯಾರೂ ಸಿಗಲ್ಲ" ಅಂದು ನನ್ನ ಹೆಸರಿನ ಮುಂದೆ ಇನ್ನೊಂದು ತಿಂಗಳ ಗಡುವು ಬರೆದರು, ಪೆನ್ಸಿಲ್ಲಿನಲ್ಲಿ. ಮುಖ ಈಗಲೂ ಹೊಳೆಯುತ್ತಿದೆ, ಪಕ್ಕದಲ್ಲಿ ನಿಂತವರು ನೋಡುತ್ತಿದ್ದಾರೆ. ಬಸ್ಸು ಬಂತು. ಆ ಒಂದು ಸಾಲು ಬರೆಯಬೇಡಿ ಅಪ್ಪಾ. ಸೋಮವಾರ ಹತ್ತಕ್ಕೆ ನನಗೆ ಪಾಠವಿದೆ.